ಕುರಿ ಮಲಗಿದ ಹೊಲ

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಬಕ್ಕಪ್ಪ ಕುರಿ ಮಾರಿ ಉದಗೀರಿನ ಮಗಳ ಮನೆ ಸೇರಿದ. ಊರಿನಲ್ಲಿ ಗುರುತಿನವರಿರಲಿಲ್ಲ. ಸಂಜೆ ಉದ್ಯಾನದ ಕಲ್ಲುಬೆಂಚಿನ ಮೇಲೆ ಒಬ್ಬನೇ ಕೂತು ತಕಲಿ ತಿರುಗಿಸಿ ಉಣ್ಣೆ ನೂಲುತ್ತಿದ್ದ.

ಒಂದು ದಿನ ಪಕ್ಕದಲ್ಲಿ ಕೂತ ಮುದುಕ ಕೆಣಕಿದ: “ಏನಪಾ, ಕುರಿ ಇಲ್ಲ, ಕೋಲಿಲ್ಲ. ಯಾರಿಗೆ ಈ ಕಂಬಳಿ?”

ಬಕ್ಕಪ್ಪ ದಿಟ್ಟಿಸಿ ನೋಡಿದ. “ನಿಮಗೇ ಅಂತ ತಿಳೀರಿ. ಗುಂಜೋಟಿ ಮಾಣಿಕಪ್ಪ ಸಾವ್ಕಾರ್ರಲ್ಲೇನ್ರೀ? ನಿಮ್ಮ ಬೇವಿನ ಗಿಡದ ಹೊಲದಾಗ ಗೊಬ್ಬರಕ್ಕಂತ ವರ್ಷಾ ನನ್ನ ಕುರಿ ಮಲಗಸ್ತಿದ್ದೆ.”

“ಅರೆ, ಬಕ್ಕ್ಯಾ! ಆ ಹೊಲದ ಜೋಳ ಆಳೆತ್ತರ ಬೆಳೀತಿತ್ತಲ್ಲೋ!”

ಉದಗೀರಿನಲ್ಲೇ ಮಗನ ಮನೆಯಲ್ಲಿದ್ದ ಮಾಣಿಕಪ್ಪ ಅಂದಿನಿಂದ ಸಂಜೆ ತಪ್ಪಿಸಲಿಲ್ಲ. ಬೆಂಚಿನ ಮೇಲೆ ಬರೀ ಆ ಹೊಲದ ಮಾತು. ಬಕ್ಕಪ್ಪ ಅವನ ಕಂಬಳಿಗೆಂದೇ ನೂಲು ಕೂಡಿಸತೊಡಗಿದ.

ಚಳಿಗಾಲದಲ್ಲಿ ಮಾಣಿಕಪ್ಪ ಕೆಲವು ದಿನ ಬರಲಿಲ್ಲ. ಕೊನೆಗೆ ಅವನ ಸೊಸೆ ಸುಮನಬಾಯಿ ಬೆಂಚು ಹುಡುಕಿಕೊಂಡು ಬಂದಳು.

“ಕಾಕಾ, ಮಾವ ಹೋಗಿಬಿಟ್ರು. ಗುಂಜೋಟಿಗೆ ಒಯ್ದು ಮಣ್ಣು ಮಾಡಿದ್ವಿ. ನಿಮಗ ಹೇಳಿ ಕಳಸ್ಲಿಕ್ಕೆ ಮನಿ ಗೊತ್ತಿರಲಿಲ್ಲ.”

ತಕಲಿ ನಿಂತಿತು. “ಯಾವ ಹೊಲದಾಗವ್ವಾ?”

“ಬೇವಿನ ಗಿಡದ ಹೊಲದಾಗ.”

ಬಕ್ಕಪ್ಪ ತಕಲಿಯ ನೂಲನ್ನು ಉಂಡೆಗೆ ಸುತ್ತಿದ. ಆಮೇಲೆ ಆ ಉಂಡೆಯನ್ನು ಸೊಸೆಯ ಕೈಗಿಟ್ಟ.

“ಅಲ್ಲಿ ಮಣ್ಣು ಮೆತ್ತಗದ, ತಾಯಿ. ನನ್ನ ಕುರಿ ಮಲಗಿದ ಜಾಗ.”