ನಿಂತ ಬಸ್ಸಿನ ಪಾಳಿ

ಸಕಲ ಪ್ರಯಾಣಿಕ ಮಹಾಜನರ ಗಮನಕ್ಕೆ ಈ ಮೂಲಕ ವಿನಮ್ರವಾಗಿ ತರಬಯಸುವುದೇನೆಂದರೆ, ಹಸಿರು ಪೆನ್ಸಿಲ್ಲಿನ ಮೊನೆ ಮುರಿದಿದೆ, ಆದಕಾರಣ ಮುಂದಿನ ಪ್ರಕಟಣೆಯವರೆಗೆ ಹೋದವರು ಯಾರೂ ವಾಪಸ್ ಬರತಕ್ಕದ್ದಲ್ಲ — ತಲೆಯೊಳಗಿನ ಮೈಕು ಕೂಗಿ ಸುಮ್ಮನಾಯಿತು, ಡಿಪೋದ ಈ ಕಿಟಕಿಯ ಹಿಂದೆ ಕೂತು ಯಾವ ಡ್ರೈವರು, ಯಾವ ಗಾಡಿ, ಯಾವ ಹೊತ್ತು ಅಂತ ಪಾಳಿ ಹಾಕುತ್ತಾ, ನಡುನಡುವೆ ಮೈಕಿನಲ್ಲಿ ಒದರುತ್ತಾ ಅವಳ ಮನಸ್ಸಿಗೂ ಅದೇ ಹತ್ತಿದೆ, ಪಾಳಿಯಿಂದ ಬಂದ ಚಾಳಿ, ಮನೆಯಲ್ಲಿ ಹಾಲು ಉಕ್ಕಿದರೂ ಪ್ರಯಾಣಿಕರ ಗಮನಕ್ಕೆ, ಗಂಡ ಗೊರಕೆ ಹೊಡೆದರೂ ಪ್ರಯಾಣಿಕರ ಗಮನಕ್ಕೆ — ಹೋಗುವುದಕ್ಕೆ ಕೆಂಪು ಗೆರೆ, ಬರುವುದಕ್ಕೆ ಹಸಿರು ಗೆರೆ, ಕೆಂಪೆಲ್ಲ ಎಳೆದಾಗಿದೆ, ಡಿಪೋದ ಗೇಟಿನಿಂದ ದೊಡ್ಡ ಊರಿನ ಸ್ಟೇಡಿಯಮ್ಮಿನವರೆಗೆ ಇಷ್ಟುದ್ದ, ಇನ್ನು ಹಸಿರು ಎಳೆದುಬಿಟ್ಟರೆ ನಾಡಿದ್ದಿನ ಪ್ರಯಾಣ ಕಾಗದದ ಮೇಲಂತೂ ಸುಖಕರ, ಶಾರ್ಪನರಿನಲ್ಲಿ ಪೆನ್ಸಿಲ್ ತಿರುವುತ್ತಾಳೆ, ಹಸಿರು ಅಂಚಿನ ಸಿಪ್ಪೆ ಸುರುಳಿ ಸುರುಳಿಯಾಗಿ ಮೇಜಿನ ಮೇಲೆ ಬೀಳುತ್ತದೆ, ಹೊರಗೆ ಯಾರೋ ಪೈಪು ಹಿಡಿದು ಬಸ್ಸಿನ ಮೂತಿಗೆ ನೀರು ಹೊಡೆಯುತ್ತಿದ್ದಾರೆ, ಬಸ್ಸು ಕಣ್ಣು ಮುಚ್ಚಿಕೊಂಡ ಎಮ್ಮೆಯ ಹಾಗೆ ಸಹಿಸಿಕೊಂಡು ನಿಂತಿದೆ — ಊರಿನ ಫುಟ್‌ಬಾಲ್ ತಂಡ ಫೈನಲ್ಲಿಗೆ ಬಂದಿದೆ, ಬಂದಿದೆ ಅನ್ನುವುದಕ್ಕಿಂತ ಎಡವಿ ಒಳಗೆ ಬಿದ್ದಿದೆ ಅನ್ನಬೇಕು, ಸೆಮಿಫೈನಲ್ಲಿನಲ್ಲಿ ಎದುರಾಳಿಯವನ ಮೊಣಕಾಲಿಗೆ ಬಡಿದ ಚೆಂಡು ಅವರದೇ ಬಲೆಗೆ ಹೋಯಿತು, ನಮಗೆ ಗೋಲು, ಅವರಿಗೆ ಗೋಳು, ಅವತ್ತಿನಿಂದ ಊರಲ್ಲಿ ಯಾರಿಗೂ ನೆಲ ಕಾಣಿಸುತ್ತಿಲ್ಲ, ರೈಲುಗಳೆಲ್ಲ ತುಂಬಿವೆ, ಕಾರಿದ್ದವರಿಗೆಲ್ಲ ಇದ್ದಕ್ಕಿದ್ದ ಹಾಗೆ ನೆಂಟರು ಹುಟ್ಟಿಕೊಂಡಿದ್ದಾರೆ, ಅವಳು ಮ್ಯಾನೇಜರರ ಬಾಗಿಲಲ್ಲಿ ನಿಂತು ನಿಂತು ಒಂದು ಬಸ್ಸು ಕೇಳಿ ಪಡೆದಳು, ಒಂದೇ ಒಂದು, ನೋಡಮ್ಮ, ಗಾಡಿ ನಿನ್ನ ಜವಾಬ್ದಾರಿ, ಡ್ರೈವರ್ ಒಬ್ಬನೇ, ಅವತ್ತು ಇಡೀ ಊರು ರೈಲ್ವೆ ಸ್ಟೇಷನ್ನಿಗೆ ಓಡುತ್ತೆ, ಮಿಕ್ಕ ಡ್ರೈವರ್‌ಗಳ ಸುದ್ದಿಗೆ ಹೋಗಬೇಡ, ಅವರೆಲ್ಲ ಆ ಟ್ರಿಪ್ಪುಗಳಿಗೇ ಬೇಕು, ಇಲ್ಲ ಸಾರ್, ಮುಟ್ಟಲ್ಲ, ನಮ್ಮನೆಯವರನ್ನೇ ಹಾಕ್ತೀನಿ, ಹಾಕಿದಳು, ಹೆಂಡತಿ ಪಾಳಿ ಹಾಕುವ ಡಿಪೋದಲ್ಲೇ ಗಂಡ ಡ್ರೈವರು, ಗಾಡಿ ಓಡಿಸೋದು ಅವನು, ಅವನನ್ನ ಓಡಿಸೋದು ಇವಳು ಅಂತ ಡಿಪೋದವರು ನಗುತ್ತಾರೆ, ನಗಲಿ, ಹಲ್ಲಿದ್ದವರು ನಗುತ್ತಾರೆ.

ಮೊನೆ ಬಂತು, ಚೂಪಾಗಿ ಬಂತು, ಎಲ್ಲಿಗೆ ನಿಲ್ಲಿಸಿದ್ದೆ — ಬೀದಿಯವರೆಲ್ಲ ಹಿಂದಿನ ಸೀಟುಗಳಿಗೆ, ಡೋಲು ತರುವವರು ಇನ್ನೂ ಹಿಂದೆ, ಅಪ್ಪನಿಗೆ ಬಾಗಿಲ ಪಕ್ಕದ ಸೀಟು, ಅಪ್ಪನಿಗಾಗಿ ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೂ ಕೆಂಪು ಚುಕ್ಕೆ ಇಟ್ಟಿದ್ದಾಳೆ, ಮೂತ್ರಕ್ಕೂ ಒಂದು ಸೂತ್ರ ಬೇಕು, ಹೋಗುವಾಗ ಅಪ್ಪ ಬೇಡ ಬೇಡ ಅನ್ನುತ್ತಾರೆ, ಬಸ್ಸು ಹೊರಟ ಮೇಲೆ ಬೇಕು ಅನ್ನುತ್ತಾರೆ, ತಮ್ಮನೂ ಚಿಕ್ಕಂದಿನಲ್ಲಿ ಹಾಗೇ, ಬೀದಿಯಲ್ಲಿ ಗೋಲು ಅಂತ ಎರಡು ಇಟ್ಟಿಗೆ ಇಟ್ಟು ನಡುವೆ ನಿಂತುಬಿಟ್ಟರೆ ಊಟ ಬೇಡ, ನೀರು ಬೇಡ, ಆಮೇಲೆ ಒಂದೇ ಸಲಕ್ಕೆ ಎಲ್ಲವೂ ಬೇಕು, ಅವನು ಇಟ್ಟಿಗೆಗಳ ನಡುವೆ ಕೈ ಚಾಚಿ ನಿಲ್ಲುವುದು, ಇವಳು ಅವನ ಹಿಂದೆ ಚರಂಡಿಯ ಅಂಚಿನಲ್ಲಿ ನಿಲ್ಲುವುದು, ಅವನು ಬಿಟ್ಟ ಚೆಂಡು ಚರಂಡಿಗೆ ಬೀಳದ ಹಾಗೆ ಹಿಡಿಯುವುದು, ಗೋಲು ಕಾಯುವ ಗೋಲಿಯ ಹಿಂದೆ ಇನ್ನೊಬ್ಬಳು ಗೋಲಿ, ಅಕ್ಕಾ ಇದ್ದೀಯಾ, ಇದ್ದೀನಿ ಕಣೋ, ಅಕ್ಕಾ ಇದ್ದೀಯಾ, ಎಲ್ಲಿಗೆ ಹೋಗ್ಲೋ, ಮುಂದೆ ನೋಡು — ಈಗ ತಂಡದಲ್ಲಿ ಅವನು ಎರಡನೇ ಗೋಲಿ, ಅಂದರೆ ಬೆಂಚು ಕಾಯುವ ಗೋಲಿ, ಎಷ್ಟು ವರ್ಷ ಕೂತಿದ್ದಾನೆ ಅಂದರೆ ಬೆಂಚಿಗೇ ಅವನ ಆಕಾರ ಬಂದಿದೆ, ಮೊದಲನೇ ಗೋಲಿ ಸೆಮಿಫೈನಲ್ ಗೆದ್ದ ಖುಷಿಗೆ ಗೆಳೆಯರ ಮೇಲೆ ಹಾರಿ ಬೆರಳು ಮುರಿದುಕೊಂಡ, ಆಟದಲ್ಲಿ ಮುರಿಯದ್ದು ಕುಣಿತದಲ್ಲಿ ಮುರಿಯಿತು, ಆವತ್ತು ರಾತ್ರಿ ತಮ್ಮನ ಫೋನು, ಅಕ್ಕಾ, ನಾನು ನಿಲ್ತಾ ಇದ್ದೀನಿ, ಯಾತಕ್ಕೆ ನಿಲ್ತಾ ಇದ್ದೀಯೋ, ಎಲೆಕ್ಷನ್ನಿಗಾ, ತಮಾಷೆ ಮಾಡ್ಬೇಡ ಅಕ್ಕಾ, ಫೈನಲ್ಲಿನ ಗೋಲು ಕಾಯೋದು ನಾನೇ, ಮನೆಯವರಿಗೆ ಅಂತ ಎರಡು ಸೀಟು ಕೊಟ್ಟಿದ್ದಾರೆ, ಸರಿಯಾಗಿ ಗೋಲಿನ ಹಿಂದೆ, ನಿಂಗೆ ಒಂದು, ಅಪ್ಪನಿಗೆ ಒಂದು, ಅರ್ಧ ಆಟ ಆದ್ಮೇಲೆ ಕಡೆ ಬದಲಾಯಿಸ್ತಾರಲ್ಲೋ, ಆಗ ನೀನು ಆ ಕಡೆ ಹೋಗ್ತೀಯ, ಹೋಗ್ಲಿ ಬಿಡಕ್ಕಾ, ಮೊದಲರ್ಧ ನೀನು ಹಿಂದೆ ಇದ್ದರೆ ಸಾಕು, ಆಮೇಲೆ ನಾನು ನೋಡ್ಕೋತೀನಿ, ಬರ್ತೀಯ ತಾನೆ, ಬರ್ತೀನಿ ಕಣೋ, ಬಸ್ಸನ್ನೇ ತಗೊಂಡು ಬರ್ತೀನಿ — ಮಾತು ಕೊಟ್ಟಳು, ಅವಳು ಹಾಕಿದ ಪಾಳಿಯಾದರೂ ಬದಲಾಗಬಹುದು, ಕೊಟ್ಟ ಮಾತು ಬದಲಾದದ್ದಿಲ್ಲ, ಫೋನಿಟ್ಟ ಮೇಲೆ ಅವನ ಉಸಿರು ಇನ್ನೂ ಕಿವಿಯಲ್ಲೇ ಇತ್ತು, ಇಷ್ಟು ದೊಡ್ಡ ಗಂಡಸು, ಮದುವೆಯ ದಿನವೂ ಅವನು ಹಾಗೆ ಉಸಿರಾಡಿರಲಿಲ್ಲ.

ಹಸಿರು ಗೆರೆ ಸ್ಟೇಡಿಯಮ್ಮಿನಿಂದ ಹೊರಟಿತು — ಹೊರಡುವುದೇ ಕಷ್ಟ, ಹೋಗುವುದನ್ನು ದಡ್ಡರೂ ಯೋಚಿಸುತ್ತಾರೆ, ಹೋಗುವವರು ಒಬ್ಬೊಬ್ಬರಾಗಿ ಹೋಗುತ್ತಾರೆ, ಬರುವಾಗ ಎಲ್ಲರೂ ಒಟ್ಟಿಗೆ ಬರುತ್ತಾರೆ, ಗೆದ್ದವರು ನಿಧಾನ, ಸೋತವರು ಬೇಗ, ಅದಕ್ಕೇ ಎರಡು ಹಸಿರು, ಗೆದ್ದರೆ ದಪ್ಪ ಗೆರೆ, ಸೋತರೆ ಸಣ್ಣ ಗೆರೆ, ಸಮ ಆದರೆ ಹೆಚ್ಚುವರಿ ಆಟ, ಅದೂ ಸಮ ಆದರೆ ಪೆನಾಲ್ಟಿ, ಪೆನಾಲ್ಟಿಗೂ ಹೊತ್ತು ಹಿಡಿದಿದ್ದಾಳೆ, ಕಪ್ ಎತ್ತುವುದಕ್ಕೆ, ಫೋಟೋಕ್ಕೆ, ಅಪ್ಪ ಅಳುವುದಕ್ಕೆ, ಅಪ್ಪ ಗೆದ್ದರೂ ಅಳುತ್ತಾರೆ, ಸೋತರೂ ಅಳುತ್ತಾರೆ, ಅದೊಂದು ಲೆಕ್ಕ ಮಾತ್ರ ತಪ್ಪುವುದಿಲ್ಲ — ಹೋದ ವಾರ ಗಂಡನ ಟ್ರಿಪ್ಪಿನಲ್ಲೇ ಕೂತು ದೊಡ್ಡ ಊರಿಗೆ ಹೋಗಿ ಜಾಗ ನೋಡಿ ಬಂದಳು, ಬಸ್ಸು ನಿಲ್ಲಿಸುವ ಬಯಲು ಸ್ಟೇಡಿಯಮ್ಮಿನ ಬೆನ್ನಿಗೇ ಇದೆ, ಎದುರಿಗೆ ಬೂದು ಗೋಡೆ, ಕತ್ತು ನೋಯುವಷ್ಟು ಎತ್ತರ, ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ಹಾರ್ನ್ ಮಾಡಬಾರದು ಅಂತ ಆಳೆತ್ತರದ ಅಕ್ಷರ, ಆ ಗೋಡೆಯ ಆಚೆಗೇ ಗೋಲು, ಎಂಥ ಒಳ್ಳೆ ಜಾಗ, ಆಟ ಮುಗಿದ ಕೂಡಲೇ ಇಳಿದು ಬಂದರೆ ಬಸ್ಸು ಕಾಲ ಬುಡದಲ್ಲಿ, ಅಪ್ಪ ನಡೆಯಬೇಕಿಲ್ಲ, ಅವಳು ಗೋಡೆಯನ್ನು ತಟ್ಟಿಯೂ ನೋಡಿದಳು, ಕೊಳ್ಳುವವಳ ಹಾಗೆ, ಗಂಡ ಸ್ಟೇರಿಂಗ್ ಹಿಡಿದೇ ಆಕಳಿಸಿದ, ಆಯ್ತಾ ನಿನ್ನ ಗೋಡೆ ಪರೀಕ್ಷೆ, ಆಯ್ತು ರೀ, ನೀವು ಆ ದಿನ ಇಲ್ಲಿ ನಿಲ್ಲಿಸಿ, ಈ ಊರಿನ ಡಿಪೋಕ್ಕೆ ಹೋಗಿ ಡ್ರೈವರ್‌ಗಳ ಕೋಣೇಲಿ ಮಲ್ಕೊಂಡುಬಿಡಿ, ನಿಮಗೆ ಆಟ ಹೇಗೂ ಬೇಡ, ಬೇಡವೇ ಬೇಡ ಮಾರಾಯ್ತಿ, ಒಂದು ಚೆಂಡಿಗೆ ಅಷ್ಟೊಂದು ಜನ ಕಚ್ಚಾಡೋದು ಯಾಕೆ, ಆಳಿಗೊಂದು ಕೊಡಿಸಿದ್ರೆ ಆಯ್ತಪ್ಪ.

ಬಾಗಿಲು ಕಿರ್ರೆಂದಿತು, ಡೀಸೆಲ್ ವಾಸನೆ ಮೊದಲು ಬಂತು, ಗಂಡ ಆಮೇಲೆ ಬಂದ, ಎರಡು ಲೋಟ ಚಹಾ ಹಿಡಿದು, ಒಂದನ್ನು ಹಸಿರು ಗೆರೆಯ ಮೇಲೇ ಇಡಲು ಹೊರಟ, ಅಯ್ಯೋ ಅಲ್ಲಿ ಬೇಡ ರೀ, ನಾವು ವಾಪಸ್ ಬರೋ ದಾರಿ ಅದು — ಪಕ್ಕಕ್ಕಿಟ್ಟ, ಕುರ್ಚಿ ಎಳೆದು ಕೂತ, ಕಾಗದದ ಮೇಲೆ ಬಗ್ಗಿದ, ಕೆಂಪು ಗೆರೆಯ ಮೇಲೆ ಬೆರಳಿಟ್ಟು ಡಿಪೋದಿಂದ ಹೊರಟ, ಬೆರಳಿಗೇ ಗೇರು ಬದಲಾಯಿಸುವಂತೆ ತಿರುವಿನಲ್ಲಿ ನಿಧಾನ ಮಾಡಿದ, ಚುಕ್ಕೆ ಬಂದಲ್ಲೆಲ್ಲ ನಿಂತ, ಇದು ಮಾವನವರ ಸ್ಟಾಪು, ಇದೂ ಮಾವನವರ ಸ್ಟಾಪು, ಬಯಲಿಗೆ ಬಂದು ಬೆರಳು ನಿಂತಿತು, ಎತ್ತಲಿಲ್ಲ, ಚಹಾ ಹೀರಿದ, ಚೆನ್ನಾಗಿದೆ ಕಣೇ, ಪೆನಾಲ್ಟಿಗೂ ಟೈಮ್ ಇಟ್ಟಿದ್ದೀಯ, ಇಲ್ಲಿ ಯಾರು, ಎಲ್ಲಿ, ಇಲ್ಲಿ, ಗಾಡಿ ನಿಂತಿರುತ್ತಲ್ಲ, ಆಗ ಗಾಡಿ ಹತ್ರ ಯಾರು — ಯಾರು ಅಂದರೆ, ನಿಂತಿರುತ್ತೆ ರೀ, ನಿಂತ ಗಾಡಿಗೆ ಯಾರು ಬೇಕು, ನೀನೇ ಕೇಳ್ತೀಯಲ್ಲೇ, ನಂಗೆ ಮೆಮೋ ಕೊಟ್ಟವಳು ನೀನು, ಹೌದು, ಕೊಟ್ಟಿದ್ದಳು, ಹೊರಗಿನ ಸ್ಟ್ಯಾಂಡಿನಲ್ಲಿ ಬಸ್ಸು ಬಿಟ್ಟು ಮರದ ಹಿಂದೆ ಹೋಗಿ ಬಂದದ್ದಕ್ಕೆ ಕಟ್ಟಿಕೊಂಡ ಗಂಡನಿಗೇ ಮೆಮೋ, ಡಿಪೋದ ಹೊರಗೆ ನಿಂತ ವಾಹನದ ಬಳಿ ಸಂಸ್ಥೆಯ ಬ್ಯಾಡ್ಜು ಹೊಂದಿದ ಒಬ್ಬರು ಸದಾ ಇರತಕ್ಕದ್ದು, ಕೆಳಗೆ ಅವಳದೇ ಸಹಿ, ಅದನ್ನವನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾನೆ, ಬಂದವರಿಗೆಲ್ಲ ತೋರಿಸುತ್ತಾನೆ, ನೋಡಿ, ನಮ್ಮನೆಯವಳ ಪ್ರೇಮಪತ್ರ — ಅವಳು ಕಾಗದ ನೋಡಿದಳು, ಕೆಂಪು ಇದೆ, ಹಸಿರು ಇದೆ, ಕೆಂಪು ಮುಗಿದು ಹಸಿರು ಶುರುವಾಗುವ ನಡುವೆ ಬಿಳಿ, ಆ ಬಿಳಿಯಲ್ಲೇ ಇಡೀ ಆಟವಿದೆ, ಓಡುವ ಬಸ್ಸಿಗಷ್ಟೇ ಅವಳು ಪಾಳಿ ಹಾಕುವುದು, ಬಸ್ಸು ಡಿಪೋದೊಳಗೆ ಬಂದು ನಿಂತರೆ ಅದು ಗೇಟಿನ ಕಾವಲಿನವರ ಪಾಲು, ಅವಳ ಚಾರ್ಟಿನಲ್ಲಿ ನಿಂತ ಬಸ್ಸು ಅನ್ನುವ ಪ್ರಾಣಿಯೇ ಇಲ್ಲ, ಇಷ್ಟು ವರ್ಷ ಹಾಕಿದ ಅಷ್ಟೂ ಪಾಳಿಗಳಲ್ಲಿ ಒಮ್ಮೆಯೂ ನಿಂತ ಬಸ್ಸಿಗೆ ಮನುಷ್ಯರನ್ನು ಹಾಕಿಲ್ಲ, ಕೈಗೆ ಬಂದ ಅಭ್ಯಾಸ ಕಣ್ಣು ಕಟ್ಟಿತು.

ಪ್ರಯಾಣಿಕರು ಗಾಬರಿಯಾಗತಕ್ಕದ್ದಲ್ಲ, ಬದಲಿ ವ್ಯವಸ್ಥೆ ಮಾಡಲಾಗುತ್ತಿದೆ — ಏನು ಬದಲಿ, ಬಸ್ಸನ್ನು ಆ ಊರಿನ ಡಿಪೋದೊಳಗೆ ನಿಲ್ಲಿಸುವುದು, ಆಗಲ್ಲ, ಅವತ್ತು ಹೊರಗಿನ ಗಾಡಿ ಬಿಡಲ್ಲ ಅಂತ ಅವರು ಮೊದಲೇ ಹೇಳಿದ್ದಾರೆ, ಇನ್ನೊಬ್ಬ ಡ್ರೈವರು, ಮುಟ್ಟಲ್ಲ ಸಾರ್ ಅಂದವಳು ಅವಳೇ, ಕಂಡಕ್ಟರು, ಎಲ್ಲರ ರಜೆಯನ್ನೂ ತಾನೇ ಹೊಡೆದು ಸ್ಟೇಷನ್ನಿನ ಟ್ರಿಪ್ಪುಗಳಿಗೆ ಹಾಕಿದ್ದಾಳೆ, ಅವರಿಗಿಲ್ಲದ ರಜೆ ಇವಳಿಗೆ ಸಜೆ, ಬೀದಿಯವರಲ್ಲಿ ಒಬ್ಬರನ್ನು ಕೂರಿಸುವುದು, ಬ್ಯಾಡ್ಜು ಎಲ್ಲಿಂದ ತರುವುದು, ಬಸ್ಸಿನಲ್ಲಿ ಹೋಗುವವರಲ್ಲಿ ಬ್ಯಾಡ್ಜು ಇರುವುದು ಇಬ್ಬರಿಗೆ, ಗಂಡನಿಗೆ, ಅವಳಿಗೆ — ಅದಕ್ಕೇನಂತೆ, ಗಂಡ ಅಂದ, ನಾನು ಗಾಡೀಲೇ ಇರ್ತೀನಿ, ನೀನು ಹೋಗಿ ತಮ್ಮನ ಹಿಂದೆ ಕೂತ್ಕೋ, ಇರ್ತೀರಾ, ಇರ್ತೀನಿ ಬಿಡೇ, ಮಲಗೋಕೆ ಎಲ್ಲಾದ್ರೇನು — ಎದೆ ಒಂದು ಸಲ ಹಗುರಾಯಿತು, ಮರುಕ್ಷಣ ಭಾರವಾಯಿತು, ಗಾಡಿ ಕಾಯುತ್ತಾ ಕೂತರೆ ಅದು ಡ್ಯೂಟಿ, ಡ್ಯೂಟಿಯಲ್ಲಿದ್ದವನಿಗೆ ವಿಶ್ರಾಂತಿ ಆದ ಹಾಗಲ್ಲ, ವಿಶ್ರಾಂತಿ ಆಗದವನು ಆ ದೂರ ವಾಪಸ್ ಓಡಿಸುವಂತಿಲ್ಲ, ಓಡಿಸದಿದ್ದರೆ ಹಸಿರು ಗೆರೆಯೇ ಇಲ್ಲ, ಡೋಲು ಸಮೇತ ಇಡೀ ಬೀದಿ ಆ ಬಯಲಲ್ಲೇ ಸಂಸಾರ ಹೂಡಬೇಕು — ಯಾರಿಗೆ ಗೊತ್ತಾಗುತ್ತೆ, ಗಂಡ ಮೆಲ್ಲಗೆ ಅಂದ, ರೆಸ್ಟ್ ಮಾಡಿದೆ ಅಂತ ಬರ್ಕೋ, ನಂಗೆ ಗೊತ್ತಾಗುತ್ತಲ್ಲ ರೀ, ನಿಂಗೆ ಗೊತ್ತಾದ್ರೆ ಏನಾಯ್ತು, ನೀನು ನನ್ನ ಹೆಂಡ್ತಿ — ಅವಳಿಗೆ ನೆನಪಾದದ್ದು ಕಾಲುವೆಗೆ ಇಳಿದ ಬಸ್ಸು, ಆ ಡ್ರೈವರು ಒಳ್ಳೆಯವನೇ, ಕಣ್ಣು ತೆರೆದುಕೊಂಡೇ ನಿದ್ದೆ ಹೋಗಿದ್ದ, ಅವನ ವಿಶ್ರಾಂತಿಯ ಜಾಗದಲ್ಲೂ ಯಾರೋ ಆಯಿತು ಅಂತ ಬರೆದಿದ್ದರು, ಅದಾದ ಮೇಲೆಯೇ ಅವಳನ್ನು ಈ ಕುರ್ಚಿಗೆ ತಂದು ಕೂರಿಸಿದ್ದು, ನಾಡಿದ್ದು ವಾಪಸ್ ಬರುವಾಗ ಬಾಗಿಲ ಪಕ್ಕದ ಸೀಟಿನಲ್ಲಿ ಅಪ್ಪ ಬಾಯಿ ತೆರೆದು ಮಲಗಿರುತ್ತಾರೆ, ಹಿಂದೆ ಬೀದಿಯ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು, ಬೇಡ ರೀ, ಗಂಡ ಅವಳ ಮುಖ ನೋಡಿದ, ಅವನಿಗೂ ಆ ಕಾಲುವೆ ನೆನಪಿದೆ, ಸರಿ ಬಿಡು, ಅಂದ.

ಹಾಗಾದರೆ ಉಳಿದದ್ದು ಒಂದೇ ಬ್ಯಾಡ್ಜು, ಅವಳ ಕುತ್ತಿಗೆಯಲ್ಲೇ ನೇತಾಡುತ್ತಿದೆ — ಮಾವನವರನ್ನ ಒಳಗೆ ಒಬ್ಬರನ್ನೇ ಬಿಡೋಕಾಗಲ್ಲ, ಗಂಡ ತಡೆದು ತಡೆದು ಹೇಳಿದ, ನಾನೇ ಪಕ್ಕದಲ್ಲಿ ಕೂತ್ಕೋತೀನಿ, ಗಾಡಿ ಹತ್ರ ಇಲ್ಲದಿದ್ರೆ ಆಯ್ತು ತಾನೆ, ಕೂತ್ಕೊಂಡ್ರೂ ರೆಸ್ಟೇ, ಹೌದು, ನಿಯಮದಲ್ಲಿ ಮಲಗಬೇಕು ಅಂತಿಲ್ಲ, ವಾಹನದಿಂದ ದೂರವಿರತಕ್ಕದ್ದು ಅಂತಷ್ಟೇ ಇದೆ, ನಿಯಮದಲ್ಲಿ ಏನಿದೆ ಏನಿಲ್ಲ ಅಂತ ಅವಳಿಗೆ ಹೇಳಿಕೊಡಬೇಕಾ, ಜಗತ್ತಿನಲ್ಲಿ ಫುಟ್‌ಬಾಲ್ ಬೇಡವಾದ ಒಬ್ಬನೇ ಗಂಡಸು ಅವಳ ಸೀಟಿನಲ್ಲಿ ಕಡ್ಡಾಯ ವಿಶ್ರಾಂತಿಗೆ ಕೂರುತ್ತಾನೆ, ಕುರ್ಚಿ ಸಿಕ್ಕರೆ ಗೊರಕೆ, ಅಷ್ಟು ಗದ್ದಲದಲ್ಲೂ ಗೊರಕೆ, ನಿದ್ದೆ ಮಾಡ್ಬೇಡಿ ರೀ ಅಂತಲೂ ಹೇಳುವಂತಿಲ್ಲ, ಮಾಡಲೇಬೇಕು, ನಿದ್ದೆ ಮಾಡಿದರೇ ಎಲ್ಲರೂ ಮನೆ ಸೇರುವುದು — ತಮ್ಮಂಗೆ ನಾನು ಹೇಳ್ಲಾ, ಗಂಡ ಕೇಳಿದ, ಬೇಡ, ನಾನೇ ಹೇಳ್ತೀನಿ, ಫೋನು ಕೈಗೆತ್ತಿಕೊಂಡಳು, ಏನಂತ ಹೇಳುವುದು, ಆಟ ಮುಗಿದ ಮೇಲೆ ಹೇಳೋಣ ಅಂದರೆ ಆಟದ ನಡುವೆ ಅವನು ಅಕ್ಕನನ್ನು ಹುಡುಕಿ ಹಿಂದೆ ತಿರುಗಿ ನೋಡುತ್ತಾನೆ, ತಿರುಗಿದಾಗಲೇ ಚೆಂಡು ಬರುತ್ತದೆ, ಈಗಲೇ ಹೇಳಿದರೆ ನಾಡಿದ್ದಿನವರೆಗೂ ಆ ಉಸಿರು, ಬರ್ತೀನಿ ಕಣೋ, ಬಂದೇ ಬರ್ತೀನಿ, ನಿನ್ನ ಹತ್ರಾನೇ ಇರ್ತೀನಿ, ಸೀಟಿಗಿಂತ ಹತ್ರ ಇರ್ಬೋದು, ಅಳೆದು ನೋಡಿದ್ರೆ, ನಂಬರು ಒತ್ತದೆಯೇ ಫೋನು ಪಕ್ಕಕ್ಕಿಟ್ಟಳು — ಗಂಡ ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟುಕೊಂಡು ಬಾಗಿಲು ಎಳೆದುಕೊಂಡು ಹೋದ, ಅವಳು ಬಿಳಿ ಜಾಗದಲ್ಲಿ ತನ್ನ ಹೆಸರು ಬರೆದಳು, ಯಾವ ಬಣ್ಣವೂ ಹೊಂದಲಿಲ್ಲ, ನೀಲಿ ಪೆನ್ನಿನಲ್ಲೇ ಬರೆದಳು, ನಾಡಿದ್ದು ಡ್ರೈವರ್ ಸೀಟಿನಲ್ಲಿ ಕೂರಬೇಕು, ಅಲ್ಲಿಂದ ಚೆನ್ನಾಗಿ ಕಾಣುತ್ತದೆ, ಏನು ಕಾಣುತ್ತದೆ, ಮೇಲೆ ದೀಪಗಳ ತುದಿ, ಗೋಡೆಯಾಚೆ ಒಮ್ಮೆಲೇ ಹೋ ಅನ್ನುತ್ತಾರೆ, ತಮ್ಮ ಹಿಡಿದದ್ದಕ್ಕೋ ಬಿಟ್ಟದ್ದಕ್ಕೋ, ಕಾಣಿಸುವುದಿಲ್ಲ, ಗೋಡೆ, ಗಾಜಿನ ತುಂಬ ಗೋಡೆ, ಅಕ್ಕಾ ಇದ್ದೀಯಾ, ಕೈ ಹಾರ್ನಿನ ಮೇಲೆ, ಎದುರಿಗೆ ಆ ಬೂದು ಗೋಡೆ, ಆಳೆತ್ತರದ ಬಿಳಿ ಅಕ್ಷರ, ಹಾರ್ನ್ ಮಾಡಬಾರದು, ಹಾರ್ನ್ ಮಾಡಬಾರದು