ಹಕಾರವಿಲ್ಲದ ಉಲಿ

ಚಾಮರಾಜನಗರ ಸೀಮೆಯ ಮದ್ದೂರು ಕಾಡಂಚಿನ ಆ ಸರ್ಕಾರಿ ಪ್ರೌಢಶಾಲೆಯಲ್ಲಿ ಸಂಘಗಳಿಗೇನೂ ಬರವಿರಲಿಲ್ಲ. ವಿಜ್ಞಾನ ಸಂಘವಿತ್ತು, ಅದಕ್ಕೊಂದು ಸೀಳು ಬಿಟ್ಟ ಭೂತಗನ್ನಡಿಯಿತ್ತು. ಇಕೋ ಕ್ಲಬ್ ಇತ್ತು. ಅದು ನೆಟ್ಟ ಗಿಡಗಳನ್ನು ಮೇಕೆಗಳು ಮೇಯ್ದು ಮುಗಿಸುವುದಕ್ಕೂ ಮುಂದಿನ ಪರಿಸರ ದಿನ ಬರುವುದಕ್ಕೂ ಸರಿಹೋಗುತ್ತಿತ್ತು. ಕ್ರೀಡಾ ಸಂಘದ ಚೆಂಡು ಬಹುಪಾಲು ಪಕ್ಕದ ಅರಿಶಿನದ ಹೊಲದಲ್ಲೇ ವಾಸವಾಗಿರುತ್ತಿತ್ತು. ಸಾಹಿತ್ಯ ಸಂಘವೊಂದು ಮಾತ್ರ ಹೆಸರಿಗಷ್ಟೇ ಇತ್ತು. ಒಂಬತ್ತನೇ ತರಗತಿಯ ಭವ್ಯ ಕಾರ್ಯದರ್ಶಿಯಾದ ಮೇಲೆ ಅದು ಉಸಿರಾಡತೊಡಗಿತು.

ಭವ್ಯ ಹೆಚ್ಚು ಮಾತಿನವಳಲ್ಲ, ಕೇಳುವವಳು. ಅಜ್ಜಿ ದೊಡ್ಡಮಾದಮ್ಮನ ಮಗ್ಗುಲಲ್ಲಿ ಮಲಗಿ, ಹುಲಿಯೇರಿ ಬರುವ ದೇವರು ಮಾದಪ್ಪನ ಪದಗಳನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದವಳು. ಕೇಳಿದ್ದು ಅವಳೊಳಗೆ ಎಲ್ಲೋ ಕೂತಿರುತ್ತಿತ್ತು. ಅದು ಹೊರಗೆ ಬಂದದ್ದು ಶಾಲೆಯ ಜಗಲಿಗೆ ತೂಗುಹಾಕಿದ ಗೋಡೆ ಪತ್ರಿಕೆಯಲ್ಲಿ. ಪ್ಲೈವುಡ್ ಹಲಗೆ, ಅದರ ಮೇಲೆ ಬಣ್ಣದ ಹಾಳೆ, ಅಂಟಿಸಿದ ಕತೆ, ಪದ್ಯ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಸಂಘದವರೆಲ್ಲ ನೆಲದ ಮೇಲೆ ಕೂತು ಅದನ್ನು ಸಿದ್ಧಮಾಡುತ್ತಿದ್ದರು.

ಆ ಸಲ ಸಂಚಿಕೆಯ ವಸ್ತು ತಾನಾಗಿಯೇ ನಡೆದುಬಂದಿತ್ತು. ಶಾಲೆಯ ಹಿಂದಿನ ಕೆರೆ ಏರಿಯ ಮೇಲೆ ಹುಲಿಯ ಹೆಜ್ಜೆ ಮೂಡಿ, ಅರಣ್ಯ ಇಲಾಖೆಯ ಜೀಪು ಬಂದು, ಮಧ್ಯಾಹ್ನಕ್ಕೇ ಶಾಲೆ ಬಿಟ್ಟಿದ್ದರು. ಮರುದಿನ ಎಲ್ಲರ ಬಾಯಲ್ಲೂ ಒಂದೊಂದು ಕತೆ. ಒಬ್ಬ ತಮ್ಮ ಮನೆಯ ಕರು ಹೋದದ್ದನ್ನು ಬರೆದ. ಒಬ್ಬಳು, ತನ್ನಪ್ಪ ಮರವೇರಿ ಕೂತು ಲುಂಗಿಯನ್ನು ಕೆಳಗೇ ಮರೆತದ್ದನ್ನು ಬರೆದಳು. ಚಿತ್ರ ಬರೆಯುವ ಸಿದ್ದಾರ್ಥ ಹಲಗೆಯ ತುಂಬ ಪಟ್ಟೆ ಎಳೆದ. ಭವ್ಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದಳು: ಉಲಿ.

ಹ ಬಿಟ್ಟುಹೋದದ್ದು ಅವಳಿಗೆ ಗೊತ್ತಾಗಲಿಲ್ಲ. ಸಿದ್ದಾರ್ಥನಿಗೂ ಗೊತ್ತಾಗಲಿಲ್ಲ. ಅದರ ಮುಂದೆ ನಿಂತು ಬಾಯಿಬಿಟ್ಟು ಓದಿದ ಇಡೀ ಶಾಲೆಗೇ ಗೊತ್ತಾಗಲಿಲ್ಲ. ಗೊತ್ತಾದದ್ದು ಹೆಡ್‌ಮಾಸ್ಟರಿಗೆ.

ಅವರು ಪ್ರಾರ್ಥನೆಯ ಹೊತ್ತಿಗೆ ಭವ್ಯಳನ್ನು ಮುಂದೆ ಕರೆದು, ಸಾಹಿತ್ಯ ಸಂಘದ ಕಾರ್ಯದರ್ಶಿಗೇ ಹ ಬರುವುದಿಲ್ಲವೆಂದರೆ ಉಳಿದವರ ಗತಿಯೇನೆಂದು ಕೇಳಿದರು.

"ಅಂಗೈ ಬಾಯಿ ಮುಂದೆ ಹಿಡಿ. ಈಗ ಹುಲಿ ಅನ್ನು. ಉಸಿರು ಕೈಗೆ ತಗಲಬೇಕು."

ಅವಳು ಅಂದಳು. ತಗಲಲಿಲ್ಲ. ಇನ್ನೊಮ್ಮೆ ಅನ್ನಿಸಿದರು. ಸಾಲುಗಳಲ್ಲಿ ನಗು ಹರಿಯಿತು. ನಕ್ಕವರೆಲ್ಲ ಮನೆಗೆ ಹೋಗಿ ಉಲಿ ಎಂದೇ ಅನ್ನುವವರು; ಆದರೂ ನಕ್ಕರು. ತಪ್ಪು ತಿದ್ದಿ ಬೇರೆ ಹಾಳೆ ಅಂಟಿಸುವಂತೆ ಅಪ್ಪಣೆಯಾಯಿತು.

ಅದನ್ನು ತಡೆದವರು ಕನ್ನಡ ಮೇಷ್ಟ್ರು ರಾಜಶೇಖರ್. ಆ ವರ್ಷವೇ ಮೈಸೂರಿನಿಂದ ಬಂದವರು, ಒಳ್ಳೆಯ ಮನಸ್ಸಿನವರು. ಹುಡುಗಿಯ ಮುಖ ಬಾಡಿದ್ದು ನೋಡಲಾರದೆ ಒಂದು ಉಪಾಯ ಹುಡುಕಿದ್ದರು. ಹಳಗನ್ನಡದಲ್ಲಿ ಉಲಿ ಎಂದರೆ ದನಿ, ನುಡಿ. ಗೋಡೆ ಪತ್ರಿಕೆಗೆ ಇದಕ್ಕಿಂತ ಚೆಂದದ ಹೆಸರು ಎಲ್ಲಿ ಸಿಕ್ಕೀತು ಎಂದು ಹೆಡ್‌ಮಾಸ್ಟರ ಮುಂದೆ ಬಿಡಿಸಿಟ್ಟರು. ಹೆಡ್‌ಮಾಸ್ಟರು ಕಣ್ಣರಳಿಸಿದರು. ಚಾಮರಾಜನಗರದಲ್ಲಿ ಶಾಲಾ ಸಂಘಗಳ ಜಿಲ್ಲಾ ಮೇಳ ಹತ್ತಿರವಿತ್ತು. ಬೆಳಿಗ್ಗೆ ತಪ್ಪಾಗಿದ್ದ ಹೆಸರು ಸಂಜೆಯ ಹೊತ್ತಿಗೆ ಶಾಲೆಯ ಹೆಮ್ಮೆಯಾಯಿತು.

ಒಂದೇ ತೊಡಕು, ಹಲಗೆಯ ತುಂಬ ಕೂತಿದ್ದ ಪಟ್ಟೆ ಪಟ್ಟೆಯ ಪ್ರಾಣಿ. ನುಡಿಗೆ ಹೊಂದುವಂತೆ ಅದರ ಮೇಲೆ ಗಿಣಿ ಬರೆಯಲು ಹೆಡ್‌ಮಾಸ್ಟರು ಹೇಳಿದರು. ಸಿದ್ದಾರ್ಥ ಹಸಿರು ಬಣ್ಣ ಬಳಿಯುತ್ತ, "ಇಷ್ಟ್ ದಪ್ಪ ಗಿಣೀನ ಯಾರ್ಲಾ ನೋಡವ್ರೆ? ಇದ್ಕೆ ದಿನಾ ಒಂದ್ ಕರ ಬೇಕಾಯ್ತದೆ" ಎಂದು ಗೊಣಗಿದ. ಕರು ಕಳೆದುಕೊಂಡಿದ್ದವನೂ ನಕ್ಕುಬಿಟ್ಟ. ಭವ್ಯ ನಗಲಿಲ್ಲ. ತೀರ್ಪುಗಾರರು ಕೇಳಿದರೆ ಏನು ಹೇಳಬೇಕೆಂದು ರಾಜಶೇಖರ್ ಮೇಷ್ಟ್ರು ಕಲಿಸಿದ ಸಾಲನ್ನು ಅವಳು ಬಾಯಿಪಾಠ ಮಾಡುತ್ತಿದ್ದಳು: ಉಲಿ ಎಂದರೆ ನುಡಿ, ಈ ಹೆಸರನ್ನು ನಾವು ಹಳಗನ್ನಡದಿಂದ ಆಯ್ದುಕೊಂಡೆವು. ಹೇಳಿದರೆ ಬಹುಮಾನ ಬಂದರೂ ಬರಬಹುದು, ಪ್ರಾರ್ಥನೆಯಲ್ಲಾದ ಅವಮಾನವಂತೂ ತೊಳೆದುಹೋಗುತ್ತದೆ. ಹೇಳದಿದ್ದರೆ ಕಾರ್ಯದರ್ಶಿ ಪಟ್ಟ ಹೋಗುತ್ತದೆಂದು ಹೆಡ್‌ಮಾಸ್ಟರು ತಮಾಷೆಯ ದನಿಯಲ್ಲೇ ತಿಳಿಸಿದ್ದರು.

ಮೇಳದ ಹಿಂದಿನ ಸಂಜೆ ಅವಳು ಎಲ್ಲವನ್ನೂ ಅಜ್ಜಿಗೆ ಹೇಳಿದಳು. ಅಂಗೈಯ ಕತೆಯನ್ನೂ ಹೇಳಿದಳು. ದೊಡ್ಡಮಾದಮ್ಮ ಹುರುಳಿ ಕೇರುತ್ತಿದ್ದ ಮೊರ ಕೆಳಗಿಟ್ಟು ನಕ್ಕಳು.

"ಅಂಗಾರೆ ನಾ ಇಷ್ಟ್ ಕಾಲ ಮಾದಪ್ಪನ್ನ ಯಾತರ ಮ್ಯಾಲೆ ಕುಂಡ್ರುಸಿದ್ದೆ ಕಣಮ್ಮಿ?"

ಆಮೇಲೆ, ಮೇಷ್ಟ್ರು ಹೇಳಿದಂತೆ ಹೇಳಿಬಿಡು, ಓದಿದವರಿಗೆ ಗೊತ್ತಿರುತ್ತದೆ, ನಿನ್ನ ಗಂಟೇನು ಹೋಗುತ್ತದೆ ಎಂದು ಸಮಾಧಾನ ಮಾಡಿದಳು. ಭವ್ಯಳಿಗೂ ಅದೇ ಸರಿ ಅನ್ನಿಸಿತು.

ದೀಪ ಹಚ್ಚುವ ಹೊತ್ತಾಯಿತು. ದೊಡ್ಡಮಾದಮ್ಮ ಎಂದಿನಂತೆ ದೇವರ ಗೂಡಿನ ಮುಂದೆ ಕೂತು ಪದ ಎತ್ತಿಕೊಂಡಳು. ಅದು ಅವಳ ಬಾಯಲ್ಲಿ ಹಳ್ಳದ ನೀರಿನಂತೆ ಹರಿಯುತ್ತಿದ್ದ ಪದ. ಮಾದಪ್ಪ ವಾಹನವೇರುವ ಜಾಗಕ್ಕೆ ಬಂದಾಗ ಹರಿವು ಗಕ್ಕನೆ ನಿಂತಿತು. ನೀರು ತುಂಬಿದ ಬಿಂದಿಗೆ ಹೊತ್ತು ಬಾಗಿಲಿಗೆ ಬಂದಿದ್ದ ಭವ್ಯ ಒಳಗೆ ನೋಡಿದಳು. ಅಜ್ಜಿ ತನ್ನ ಅಂಗೈಯನ್ನು ಬಾಯಿಯ ಮುಂದೆ ಹಿಡಿದಿದ್ದಳು. ಹ, ಹ ಎಂದು ಉಸಿರು ದಬ್ಬುತ್ತಿದ್ದಳು. "ಹು... ಉಲಿ" ಎಂದಳು. ತಲೆಯಾಡಿಸಿ ಮತ್ತೆ ಹಿಂದಿನ ಸಾಲಿನಿಂದ ಎತ್ತಿಕೊಂಡಳು. ಮತ್ತೆ ಅಲ್ಲೇ ಎಡವಿದಳು. ಮೂರನೆಯ ಸಲ ಆ ಮಾತನ್ನೇ ನುಂಗಿಕೊಂಡಳು. ದೇವರು ಏನನ್ನೂ ಏರದೆ ಮುಂದೆ ಹೋದ.

ಬಿಂದಿಗೆ ಇಳಿಸುವುದನ್ನೂ ಮರೆತು ಭವ್ಯ ಅಲ್ಲೇ ನಿಂತಿದ್ದಳು. ಅಜ್ಜಿಯ ಪದವನ್ನು ಯಾರಾದರೂ ತಿದ್ದಿದ್ದನ್ನು ಅವಳು ಕಂಡಿರಲಿಲ್ಲ. ಈಗ ತಿದ್ದಿದವಳು ತಾನೇ. ಶಾಲೆಯ ಆ ಅಂಗೈಯನ್ನು ಮನೆಯೊಳಗೆ ತಂದವಳು ತಾನೇ.

ಬೆಳಿಗ್ಗೆ ಬಸ್ಸಿನಲ್ಲಿ ಅವಳು ರಾಜಶೇಖರ್ ಮೇಷ್ಟ್ರ ಸೀಟಿನ ಪಕ್ಕ ಹೋಗಿ ನಿಂತಳು. ಕಂಬಿ ಗಟ್ಟಿಯಾಗಿ ಹಿಡಿದಿದ್ದಳು.

"ಸಾ, ನಾನು ಹಳಗನ್ನಡದ್ದು ಅಂತ ಯೋಳಕಿಲ್ಲ."

"ಸುಳ್ಳೇನಲ್ಲವಲ್ಲ ಭವ್ಯ. ಆ ಪದ ಇದೆ."

"ಅದೆ ಸಾ. ನಾ ಬರ್ದಿದ್ದು ಅದನ್ನಲ್ಲ."

ಮೇಷ್ಟ್ರು ಕಿಟಕಿಯಾಚೆಯ ಚೆಂಡುಹೂವಿನ ಹೊಲಗಳ ಕಡೆ ತಿರುಗಿದರು. ಹೆಡ್‌ಮಾಸ್ಟರು ಮುಂದಿನ ಸೀಟಿನಲ್ಲಿದ್ದಾರೆ, ಯೋಚನೆ ಮಾಡು ಎಂದಷ್ಟೇ ಅಂದರು.

ಮೇಳದ ಸಭಾಂಗಣದಲ್ಲಿ ಊರೂರಿನ ಸಂಘಗಳು ಮೇಜು ಹಾಕಿಕೊಂಡಿದ್ದವು. ಪುಣಜನೂರಿನ ಕಡೆಯ ಮಕ್ಕಳು ಬೀಜದುಂಡೆ ತಂದಿದ್ದರು. ತೀರ್ಪುಗಾರರಾಗಿ ಬಂದಿದ್ದ ನಿವೃತ್ತ ಉಪನ್ಯಾಸಕಿ ಒಂದೊಂದೇ ಮೇಜು ದಾಟಿ ಇವರ ಹಲಗೆಯ ಮುಂದೆ ನಿಂತರು. ಹೆಸರು ಓದಿ ಮುಗುಳ್ನಕ್ಕರು. ಎಂಥ ಅಪರೂಪದ ಪದ, ಯಾರು ಆರಿಸಿದ್ದು ಎಂದರು. ಹೆಡ್‌ಮಾಸ್ಟರು ಭವ್ಯಳ ಬೆನ್ನು ತಟ್ಟಿ ಮುಂದೆ ಬಿಟ್ಟರು.

"ನಾನ್ ಬರ್ದಿದ್ದು ಮೇಡಮ್. ಕಾಡಿಂದ ಬತ್ತದಲ್ಲ, ಉಲಿ, ಅದು. ನಮ್ಮೂರಲ್ಲಿ ಅದ್ಕೆ ಅಂಗೇ ಅಂತೀವಿ."

ಅವರ ಮುಗುಳ್ನಗೆ ಅರ್ಧಕ್ಕೆ ನಿಂತಿತು. ಹಾಗಾದರೆ ಇದು ಕಾಗುಣಿತದ ತಪ್ಪು ಅಲ್ಲವೇ ಎಂದು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ಕನಿಕರಕ್ಕೆ ಭವ್ಯಳ ಕಿವಿ ಬಿಸಿಯಾಯಿತು.

"ಬರೀವಾಗ ಗೊತ್ತಿಲ್ದೆ ಬರ್ದೆ ಮೇಡಮ್. ಈಗ ಗೊತ್ತಿದ್ದೇ ಬುಟ್ಟಿದ್ದೀನಿ. ನಮ್ಮಜ್ಜಿ ಮಾದಪ್ಪನ್ನ ಕೂರ್ಸೋದು ಇದ್ರ ಮ್ಯಾಲೇಯ. ಇದ್ನ ತಿದ್ದಿದ್ರೆ ಪದ ನಿಂತೋಯ್ತದೆ."

ಸುತ್ತಲಿನ ಮೇಜುಗಳವರೂ ತಿರುಗಿ ನೋಡುತ್ತಿದ್ದರು. ಉಪನ್ಯಾಸಕಿ ಹಾಳೆಯ ಮೇಲೆ ಗೀಟು ಹಾಕಿಕೊಂಡು ಮುಂದಿನ ಮೇಜಿಗೆ ಹೋದರು. ಬಹುಮಾನ ಬೇರೆ ಶಾಲೆಗೆ ಹೋಯಿತು.

ಹೆಡ್‌ಮಾಸ್ಟರ ತೀರ್ಪು ಬಂದದ್ದು ಆ ಶನಿವಾರ, ಸಾಹಿತ್ಯ ಸಂಘ ಸೇರಿದ್ದಾಗ. ಶಾಲೆಯ ಮಾನ ಕಳೆದವಳು ಇನ್ನು ಕಾರ್ಯದರ್ಶಿಯಲ್ಲ, ಪತ್ರಿಕೆಗೆ ಇನ್ನು ಮುಂದೆ ನಾನೇ ಹೆಸರಿಡುತ್ತೇನೆ, ಹೊಸ ಕಾರ್ಯದರ್ಶಿಯಾಗಿ ಸಿದ್ದಾರ್ಥ ಎದ್ದು ನಿಲ್ಲಲಿ ಎಂದರು. ಅಂಗೈಗೆ ಬಣ್ಣ ಮೆತ್ತಿಕೊಂಡಿದ್ದ ಸಿದ್ದಾರ್ಥ ಎದ್ದ.

"ಆಗಕಿಲ್ಲ ಸಾ."

"ಆಗುವುದಿಲ್ಲ ಅನ್ನು. ಏನು?"

ಸಿದ್ದಾರ್ಥ ಬಣ್ಣದ ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡ. ಪ್ರಾರ್ಥನೆಯ ದಿನ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

"ಆಗಕಿಲ್ಲ" ಎಂದ ಮತ್ತೆ, ಮೊದಲಿಗಿಂತ ನಿಧಾನವಾಗಿ, ಬಿಡಿಸಿ ಬಿಡಿಸಿ.

ಹೆಡ್‌ಮಾಸ್ಟರು ಲುಂಗಿಯ ಕತೆ ಬರೆದಿದ್ದ ಪವಿತ್ರಳ ಕಡೆ ಬೆರಳು ತೋರಿಸಿದರು. ಅವಳು ಎದ್ದೇಳದೆ, ಕೂತಲ್ಲಿಂದಲೇ, ತನ್ನಿಂದಲೂ ಆಗಕಿಲ್ಲ ಎಂದಳು. ಮೂರನೆಯವರನ್ನು ಅವರು ಕೇಳಲಿಲ್ಲ. ರಾಜಶೇಖರ್ ಮೇಷ್ಟ್ರ ಕಡೆ ತಿರುಗಿ, ನೀವಾದರೂ ಹೇಳಿ ಎಂಬಂತೆ ನೋಡಿದರು. ಮೇಷ್ಟ್ರು ಮಕ್ಕಳ ಸಾಲಿನ ಕೊನೆಯಲ್ಲಿ, ನೆಲದ ಮೇಲೆ, ಪ್ಯಾಂಟು ಮಣ್ಣಾಗುವುದನ್ನೂ ಲೆಕ್ಕಿಸದೆ ಕೂತುಕೊಂಡರು.

ಹಾಗಾದರೆ ಈ ಸಂಘವೇ ಬೇಡ ಎಂದು ಹೆಡ್‌ಮಾಸ್ಟರು ಹೊರಟುಹೋದರು. ಅವರ ಚಪ್ಪಲಿಯ ಸದ್ದು ಜಗಲಿಯ ತುದಿಯವರೆಗೂ ಕೇಳಿಸಿತು. ಸಂಘ ಇದೆಯೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಯಾರೂ ಎದ್ದೂ ಹೋಗಲಿಲ್ಲ.

ಭವ್ಯ ಒಂದು ಬಿಳಿ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟಳು.

"ಮುಂದಿನ್ ಸಂಚಿಕೆಗೆ ಯಾರ್ ಯಾನ ಬರೀತೀರಿ, ಯೋಳಿ" ಎಂದಳು.