ಧನಪಾಲನ ಮೇಜಿನ ಕೆಳಗೆ

ಗುಡುಗುಡುಗುಡು ಎಂದು ನೆತ್ತಿಯ ಮೇಲೆಯೇ ಉರುಳಿ ಬಂದು ಟಪ್ಪೆಂದು ಜಾಳಿಗೆಗೆ ಬಿತ್ತು, ಮೂರನೇ ನಂಬರಿನ ಕೆಂಪು ಗುಂಡು, ನನ್ನ ಮೂಗಿನಿಂದ ಗೇಣುದ್ದ ಮೇಲೆ ದಾರದ ಜಾಳಿಗೆಯಲ್ಲಿ ತೂಗಾಡುತ್ತಿದೆ, ಪೂಲ್ ಮೇಜಿನ ಗುಂಡನ್ನು ಹೀಗೆ ಅಂಗಾತ ಮಲಗಿ ಕೆಳಗಿನಿಂದ ನೋಡಿದ ಗಂಡಸು ನಿಪ್ಪಾಣಿಯಲ್ಲಿ ನಾನೊಬ್ಬನೇ, ನಿಪ್ಪಾಣಿ ಯಾಕೆ, ಅಥಣಿಯಿಂದ ಕೊಲ್ಲಾಪುರದ ತನಕ ನಾನೊಬ್ಬನೇ, ಉಸಿರು ಬಿಡಬೇಡ ಆಬಾಸಾಹೇಬ, ಹೊಟ್ಟೆ ಒಳಗೆಳೆದುಕೋ — ಎರಡು ಜೋಡಿ ಕಾಲು ಕಾಣುತ್ತಿವೆ, ಬರಿಗಾಲು ಧನಪಾಲನದು, ಈ ಮೇಜಿನ ಕೋಣೆಗೆ ಅವನು ಬಸದಿಗೆ ಹೋದ ಹಾಗೆ ಚಪ್ಪಲಿ ಹೊರಗೆ ಬಿಟ್ಟೇ ಬರುತ್ತಾನೆ, ಬಿಳಿ ಕ್ಯಾನ್ವಾಸ್ ಬೂಟು ಅವನ ಮಗ ಮಹಾವೀರನದು, ಇಬ್ಬರೂ ಈ ಹೊತ್ತಿನಲ್ಲಿ ಇಲ್ಲಿ ಇರಬಾರದಾಗಿತ್ತು, ಧನಪಾಲ ಸಂಜೆ ಊಟಕ್ಕೆ ಕೂತಿರಬೇಕಾದ ಹೊತ್ತು, ಹೊತ್ತು ಮುಳುಗಿದ ಮೇಲೆ ಅವನ ಹಲ್ಲಿಗೆ ಒಂದು ಅಗುಳೂ ತಾಕುವುದಿಲ್ಲ, ಈ ಲೆಕ್ಕ ಹಾಕಿಕೊಂಡೇ ನಾನು ಹಿತ್ತಲ ಬಾಗಿಲಿನಿಂದ ಜೀಪಿನ ಜಾಕ್ ಹೊತ್ತು ಒಳಗೆ ಬಂದದ್ದು, ಎಂಥ ಬುದ್ಧಿ, ಚಿಕ್ಕೋಡಿ ಕೋರ್ಟಿನ ವಕೀಲರನ್ನೆಲ್ಲ ಒಂದು ಗೋಣಿಯಲ್ಲಿ ತುಂಬಿ ಅಲುಗಾಡಿಸಿದರೂ ಇಂಥ ಬುದ್ಧಿ ಉದುರುವುದಿಲ್ಲ, ಈ ಮೂಲೆಯ ಕಾಲಿನ ಕೆಳಗೆ ಧನಪಾಲ ಮಟ್ಟಕ್ಕೆಂದು ಇಟ್ಟ ರಟ್ಟನ್ನು ತೆಗೆದುಬಿಟ್ಟರೆ ಮೇಜು ಇತ್ತ ಒಂದು ನೂಲಿನಷ್ಟು ತಗ್ಗುತ್ತದೆ, ಒಂದು ನೂಲು ಸಾಕು, ನಾಳೆ ರವಿವಾರದ ಆಟದಲ್ಲಿ ನನ್ನ ಗುಂಡುಗಳೆಲ್ಲ ತವರಿಗೆ ಹೊರಟ ಸೊಸೆಯರ ಹಾಗೆ ಈ ಜಾಳಿಗೆಗೇ ಓಡಿ ಬರುತ್ತವೆ, ಮಟ್ಟದ ಮೇಜೆಂದು ನಂಬಿ ಹೊಡೆಯುವ ಧನಪಾಲನವು ಕೂದಲೆಳೆಯಲ್ಲಿ ತಪ್ಪುತ್ತವೆ — ಜಾಕ್ ಏರಿಸಿದೆ, ರಟ್ಟು ಎಳೆದೆ, ಜಾಕ್ ಇಳಿಸಿದೆ, ಹಿಡಿಕೆ ಕಳಚಿದೆ, ಆಪರೇಷನ್ ಮಾಡುವ ಡಾಕ್ಟರ ಕೈಯಂಥ ಕೈ, ಎದ್ದು ಹೊರಡಬೇಕು ಅನ್ನುವಾಗ ಸೊಂಟವನ್ನು ಯಾರೋ ಹಿಡಿದು ಜಗ್ಗಿದಂತಾಯಿತು, ತಿರುಗಿ ನೋಡಿದರೆ ರಟ್ಟಿದ್ದ ಜಾಗದಲ್ಲಿ ನನ್ನ ಧೋತರದ ಚುಂಗು, ಅದರ ಮೇಲೆ ಮೇಜಿನ ಕಾಲು, ಅಷ್ಟರಲ್ಲಿ ಬಾಗಿಲಲ್ಲಿ ಮಾತು, ಗಾಬರಿಯಲ್ಲಿ ಕೈ ತಾಕಿ ಹಿಡಿಕೆ ಉರುಳುರುಳುತ್ತ ಹೋಗಿ ಕಿಟಕಿಯ ಕೆಳಗೆ ಗೋಡೆಗೆ ತಾಕಿ ನಿಂತಿದೆ, ಹಿಡಿಕೆ ಇಲ್ಲದ ಜಾಕು ಕಲ್ಲಿಗೆ ಸಮ, ಧೋತರ ಬಿಟ್ಟು ಓಡಬಹುದು, ಪಟ್ಟೆ ಪಟ್ಟೆ ಚಡ್ಡಿಯಲ್ಲಿ, ಅಶೋಕನಗರದ ರಸ್ತೆಯಲ್ಲಿ, ಶನಿವಾರದ ಜನದ ನಡುವೆ, ನನ್ನ ಹೆಂಡತಿ ಅಕ್ಕುತಾಯಿ ಮನೆ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿರುವಾಗ.

ಮೂಗಿನೊಳಗೆ ತಂಬಾಕಿನ ದೂಳು, ಇದು ಧನಪಾಲನ ತಂಬಾಕಿನ ಗೋದಾಮು, ಎಂಬತ್ತೈದರಲ್ಲಿ ಖಾಲಿ ಬಿದ್ದಾಗ ಕೊಲ್ಲಾಪುರದ ಯಾವುದೋ ಮುಚ್ಚಿದ ಕ್ಲಬ್ಬಿನಿಂದ ಈ ಮೇಜು ತಂದು ಇಲ್ಲಿ ಹಾಕಿದ, ಕೆಳಗೆ ಕಲ್ಲಿನ ಹಾಸು, ಕಬ್ಬಿನ ಟ್ರ್ಯಾಕ್ಟರಿನಿಂದ ಇಳಿಸಲು ಹನ್ನೆರಡು ಮಂದಿ ಬೇಕಾಯಿತು, ಚಹಾದಂಗಡಿಯಲ್ಲಿ ನಾನು ನಲವತ್ತು ಎನ್ನುತ್ತೇನೆ, ಅಥಣಿಗೆ ಹೋದರೆ ನಲವತ್ತು ಮಂದಿ ಮತ್ತು ಒಂದು ಆನೆ — ಸೀನು ಬರುತ್ತಿದೆ, ತಡೆ, ಬೇರೇನಾದರೂ ನೆನೆ, ಹನ್ನೊಂದು ವರ್ಷ ರವಿವಾರಕ್ಕೊಂದು ಆಟ, ಗೆಲುವಿನ ಎಣಿಕೆ ಬೇಡ, ಎಣಿಸುವವರು ಸಣ್ಣ ಮಂದಿ, ಒಂದು ದಿನ ನನಗೆ ಹಲ್ಲುನೋವು, ಒಂದು ದಿನ ಕೋಲಿಗೆ ಬಾಗು, ಒಂದು ದಿನ ಕಿಟಕಿಯಿಂದ ಗಾಳಿ, ಆರುನೂರು ರವಿವಾರಕ್ಕೆ ಆರುನೂರು ಕಾರಣ ನನ್ನ ಬಳಿ ಇವೆ, ಒಂದೂ ಎರಡು ಸಲ ಹೇಳಿದ್ದಲ್ಲ, ಇದೂ ಒಂದು ವಿದ್ಯೆಯೇ, ಆದರೆ ಈ ಧನಪಾಲನ ಕೈಯಲ್ಲಿ ಸೋಲುವುದರಲ್ಲಿ ಒಂದು ಕೆಟ್ಟ ಸುಖವಿದೆ, ಅದನ್ನು ಮೇಜಿನ ಕೆಳಗಲ್ಲದೆ ಇನ್ನೆಲ್ಲೂ ಒಪ್ಪಿಕೊಳ್ಳುವವನಲ್ಲ ನಾನು, ನಾನು ಹೊಡೆಯುವಾಗ ನನ್ನ ಕಣ್ಣಿನ ನೇರಕ್ಕೆ ಅವನು ನಿಲ್ಲುವುದಿಲ್ಲ, ಹೀಗೆ ಹೊಡಿ ಹಾಗೆ ಹೊಡಿ ಎನ್ನುವುದಿಲ್ಲ, ಕುರುಡು ಹೊಡೆತಕ್ಕೆ ಗುಂಡು ಬಿದ್ದರೂ ಛಲೋ ಹೊಡದಿ ಆಬಾ ಎನ್ನುತ್ತಾನೆ, ತನ್ನ ಅಂಗಿಯ ತೋಳು ಗುಂಡಿಗೆ ತಾಕಿದರೆ, ಯಾರೂ ನೋಡದಿದ್ದರೂ, ಕೋಲು ಕೆಳಗಿಟ್ಟು ತಪ್ಪಾತು ಎನ್ನುತ್ತಾನೆ, ಎಷ್ಟು ಸಿಟ್ಟು ಬರುತ್ತದೆ ಗೊತ್ತೇ, ನಾವು ಕಷ್ಟಪಟ್ಟು ಕಣ್ಣು ತಪ್ಪಿಸಿ ಮಾಡಿದ್ದನ್ನು ಅವನು ಪುಕ್ಕಟೆ ಹೇಳಿಬಿಡುತ್ತಾನೆ, ಗೆದ್ದ ಮೇಲೆ ಮೀಸೆ ತಿರುವುವುದಿಲ್ಲ, ತಿರುವಲು ಮೀಸೆಯೂ ಇಲ್ಲ, ನನಗಿದೆ, ಎಂಥ ಮೀಸೆ, ಕಾಗವಾಡದ ಕಡೆ ಹೋದರೆ ಎತ್ತುಗಳೂ ದಾರಿ ಬಿಡುತ್ತವೆ, ಈ ರವಿವಾರ ಗೆಲ್ಲದಿದ್ದರೆ ಅರ್ಧ ಮೀಸೆ ಬೋಳಿಸುತ್ತೇನೆ ಎಂದು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಚಹಾದ ಕಪ್ ಕುಟ್ಟಿ ಹೇಳಿಬಿಟ್ಟೆ, ಅಲ್ಲಿದ್ದವರು ಹದಿನೈದು, ಸಂಜೆಗೆ ಊರಿಗೆ ಊರೇ, ಅಕ್ಕುತಾಯಿ ಕೇಳಿದಳು, ಅರ್ಧಾ ಯಾಕ್ರಿ, ಪೂರಾ ಬೋಳಸ್ರಿ, ಉಳದರ್ಧಾ ಏನ ಉಪ್ಪಿನಕಾಯಿ ಹಾಕೂದೈತಿ?

ಟಪ್, ಮತ್ತೊಂದು, ಹಳದಿ, ಕೆಂಪಿನ ಪಕ್ಕಕ್ಕೆ ಬಂದು ಕೂತಿತು, ಮೇಲೆ ಮಹಾವೀರನ ದನಿ, ಅಪ್ಪಾ, ಬೋರಗಾಂವದವ್ರು ಎರಡು ಮಗ್ಗಾ ಸೋಮವಾರ ಕಳಸ್ತೇವ ಅಂದಾರ, ಎಲ್ಲಿ ಇಡೂಣು, ನಿನ್ನ ತಲೀ ಮ್ಯಾಲ? ಅದಕ್ಕೆ ಅಪ್ಪ, ನನ್ನ ತಲೀ ಮ್ಯಾಲ ಜಾಗಾ ಭಾಳ ಐತಿ, ಕೂದಲಾ ಎಲ್ಲಾ ಖಾಲಿ ಮಾಡಿ ಹೋಗ್ಯಾವು — ಧನಪಾಲ ಹೀಗೆಯೇ, ಮುಖ ನಗದೆ ನಗಿಸುತ್ತಾನೆ, ಬಾಯಿಗೆ ಧೋತರದ ಸೆರಗು ತುರುಕಿಕೊಂಡೆ, ಚೇಷ್ಟೀ ಬ್ಯಾಡಪ್ಪಾ, ನಾಕ ಮಗ್ಗಾ ಕೂಡೂ ಜಾಗಾ ಇದು, ನೀನ ಮಾತು ಕೊಟ್ಟೀದಿ, ಅವ್ವನ ಮುಂದ, ಆಬಾ ಕಾಕಾನ ಕೈಯಾಗ ನಾ ಸೋತ ದಿವಸ ಟೇಬಲ್ ತಗೀಲೇ ಅಂತ, ಅಂದೀದಿ ಇಲ್ಲೋ? ಅಂದೇನಿ. ಹನ್ನೊಂದ ವರ್ಷಾತು. ಆ ಮನಷ್ಯಾ ಗೆಲ್ಲವಲ್ಲ, ನಾ ಏನ ಮಾಡ್ಲೋ? — ಏನಂದ, ಸೋತ ದಿವಸ, ನನ್ನ ಕೈಯಲ್ಲಿ, ಟೇಬಲ್ ತೆಗೆ, ನಿಲ್ಲು ನಿಲ್ಲು, ಅಂದರೆ ನಾಳೆ ನಾನು ಗೆದ್ದರೆ, ಈ ರಟ್ಟಿನ ದೆಸೆಯಿಂದ, ಊರೆಲ್ಲ ಪೇಢೆ ಹಂಚಿ, ಮೀಸೆಗೆ ತುಪ್ಪ ಹಚ್ಚಿ, ಸೋಮವಾರ ಎದ್ದು ಬಂದು ಬಾಗಿಲು ತೆಗೆದರೆ ಒಳಗೆ ಖಟಕ್ ಖಟಕ್ ಎಂದು ಮಗ್ಗ, ಅದರ ಮುಂದಿನ ರವಿವಾರ ಮಗ್ಗ, ಅದರ ಮುಂದಿನದೂ, ನಾನೆಲ್ಲಿಗೆ ಹೋಗಲಿ, ಮೀಸೆ ಹೊತ್ತುಕೊಂಡು ಎಲ್ಲಿ ಕೂರಲಿ, ಮನೆಯಲ್ಲಿ ಅಕ್ಕುತಾಯಿಯ ಎದುರಿಗೆಯೇ, ರವಿವಾರ ಪೂರ್ತಿ, ಅವಳೂ ಸಾಯುತ್ತಾಳೆ, ನಾನೂ — ರಟ್ಟು ಅಂಗೈಯಲ್ಲಿ ಬೆವೆತು ಮೆತ್ತಗಾಗಿದೆ, ಇದನ್ನು ತಿರುಗಿ ಇಡಬೇಕು, ಇಡಲು ಜಾಕ್ ಏರಬೇಕು, ಏರಲು ಹಿಡಿಕೆ ಬೇಕು, ಹಿಡಿಕೆ ಅಲ್ಲಿ ಗೋಡೆಗೆ, ನನ್ನ ಕೈಯಿಂದ ಎಂಟು ಮೊಳ ದೂರ, ಇಲ್ಲ ನಾಲ್ಕೇ ಮೊಳ, ಈಗ ಸುಳ್ಳು ಹೇಳಿ ಯಾರಿಗೆ ಏನಾಗಬೇಕು, ನಾಲ್ಕು ಮೊಳ, ಅದೂ ಧೋತರ ಹಿಡಿದಿದೆ, ಇಟ್ಟರೆ ಅರ್ಧ ಮೀಸೆ ಹೋಯಿತು, ಇಡದಿದ್ದರೆ ಮೇಜು ಹೋಯಿತು, ಒಂದು ನೂಲಿನಷ್ಟು ತಗ್ಗಿನಲ್ಲಿ ಇಡೀ ಆಬಾಸಾಹೇಬ ಉರುಳಿ ಬಿದ್ದಿದ್ದಾನೆ.

ಅಲ್ಲಪ್ಪಾ, ಆ ಮನಷ್ಯಾನ ಸಂಗಾಟ ಆಡಿದ್ರ ನಿನಗ ಏನ ಮಜಾ ಬರ್ತೈತಿ, ಬಾಯಿ ಒಂದ ಗಳಿಗಿ ಮುಚ್ಚಂಗಿಲ್ಲ, ನೀ ಹೊಡಿಯೂ ಮುಂದ ಬೇಕಂತ ಕೆಮ್ಮತಾನ, ಗುಂಡಾ ಸರಸ್ತಾನ — ಯಾರು, ನಾನೇ, ಆ ಹುಡುಗನ ಲಗ್ನದಲ್ಲಿ ಹನ್ನೆರಡು ಹೋಳಿಗೆ ತಿಂದು ಹರಸಿದ ಕಾಕಾ ನಾನು, ಸರಸ್ತಾನ, ಎಂದ ಧನಪಾಲ, ಎಡಗೈ ತೋಳಿಲೇ ಸರಸ್ತಾನ, ನನಗ ಬೆನ್ನ ಮಾಡಿ. ಗೊತ್ತಿದ್ದೂ ಸುಮ್ಮ ನಿಂದರ್ತೀ? ನಾ ಗ್ವಾಡಿ ನೋಡ್ಕೋತ ನಿಂದರ್ತೇನಿ, ಅವಂಗ ಅವಸರ ಆಗಬಾರದಲಾ — ಗೋಡೆಯಲ್ಲಿ ಏನಿದೆ ಎಂದು ಹನ್ನೊಂದು ವರ್ಷ ಯೋಚಿಸಿದ್ದೇನೆ, ಪ್ರತಿ ಸಲ ನಾನು ಬಾಗಿದಾಗ ಆ ಮನುಷ್ಯ ಗೋಡೆಯ ಸುಣ್ಣ ನೋಡುತ್ತಿದ್ದ, ಭೋಳೆ ಮನುಷ್ಯ ಎಂದುಕೊಂಡಿದ್ದೆ, ಕಣ್ಣು ಮಂದ ಎಂದುಕೊಂಡಿದ್ದೆ, ಕಿವಿ ಸುಡುತ್ತಿದೆ, ನೆಲದ ತಂಪು ಕಿವಿಯ ತನಕ ಬರುತ್ತಿಲ್ಲ, ನೋಡ ಮಹಾವೀರ, ಚಿಕ್ಕೋಡಿ ವಕೀಲಾ ಎರಡ ಸಲ ಸೋತ, ಮೂರನೇ ಸಲಕ್ಕ ನನ್ನ ಕಂಡ್ರ ಹಾದಿ ಬದಲಿಸಿದ, ರಾಯಬಾಗದ ಮಾಸ್ತರ ಗೆಲ್ಲೂ ತನಕಾ ಬಂದ, ಗೆದ್ದ, ಹೋದ, ಇಂವ ಒಬ್ಬನ ನೋಡ, ಸೋಲ್ತೇನಂತ ಗೊತ್ತಿದ್ದೂ ಮೀಸಿ ತಿರುವಿಕೋತ ಬರ್ತಾನ, ಬಂದು ಇವತ್ತ ನಿನ್ನ ಸುದ್ದಿ ಮುಗೀತೋ ಧನ್ಯಾ ಅಂತಾನ, ನನಗೂ ಒಮ್ಮೊಮ್ಮೆ ಖರೇನ ಮುಗೀತೇನೋ ಅನಸ್ತೈತಿ, ಅಷ್ಟ ಹುರುಪಿಲೇ ಅಂತಾನ, ವಾರದಾಗ ಒಂದ ದಿವಸ ಹಂಗ ಅನಸಬೇಕೋ ಮನಷ್ಯಾಗ. ಧೋತರದ ಸೆರಗು ನನ್ನ ಬಾಯಲ್ಲಿ ಉಪ್ಪುಪ್ಪಾಗಿತ್ತು, ಆಗ ಮೇಲೆ ಯಾರೂ ಹೊಡೆಯದೆಯೇ ಏನೋ ಉರುಳತೊಡಗಿತು, ಮೆಲ್ಲಗೆ, ಮೆಲ್ಲಗೆ, ನನ್ನ ಕಡೆಗೇ, ಟಪ್, ಹಸಿರು — ಅಪ್ಪಾ, ಗುಂಡಾ ತಾನ ಹೊಂಟಿತು, ನೋಡಿದಿ? ಗಾಳಿ. ಕಿಡಕಿ ಮುಚ್ಚೇತಿ. ಹಂಗಾರ ನೆಲಾ ಕುಸದೀತು. ತಡಿ, ಬಾಗಿ ನೋಡ್ತೇನಿ — ಕ್ಯಾನ್ವಾಸ್ ಬೂಟು ಮಡಚಿತು, ಮೊಣಕಾಲು ಕಂಡಿತು, ಪ್ಯಾಂಟಿನ ನೆರಿಗೆ ಕಂಡಿತು, ಇನ್ನೊಂದು ಗೇಣು ಇಳಿದರೆ ಮುಖ, ನಾನು ಕಣ್ಣು ಮುಚ್ಚಿದೆ, ಕಣ್ಣು ಮುಚ್ಚಿದರೆ ಕಾಣುವುದಿಲ್ಲ ಎಂಬ ನಂಬಿಕೆ ಈ ವಯಸ್ಸಿನಲ್ಲೂ, ತೆಗೆದಾಗ ಬೂಟಿಗೂ ನನಗೂ ನಡುವೆ ಧನಪಾಲನ ಬರಿಗಾಲು ಬಂದು ನಿಂತಿತ್ತು, ಏ ಬಿಡ, ಕೆಳಗ ಇಲಿ ಐತಿ. ಇಲಿ? ಹೂಂ, ದೊಡ್ಡದ, ಭಾಳ ವರ್ಷದ್ದು. ಬಡಿಗಿ ತರ್ಲಿ? ಬ್ಯಾಡೋ, ಜೀವಹಿಂಸಾ, ಪಾಪ, ಅದೂ ಏನೋ ಗಡಿಬಿಡಿಯಾಗ ಐತಿ.

ನಕ್ಕುಬಿಟ್ಟ ಹುಡುಗ, ನಡಿಯಪ್ಪಾ, ಹೊತ್ತು ಮುಳಗತೈತಿ, ಅವ್ವ ತಾಟ ಹಾಕ್ಯಾಳ, ನೀ ಮುಂದ ನಡಿ, ಎಂದ ಧನಪಾಲ, ಇದೊಂದ ಮುಗಿಸಿ ಬರ್ತೇನಿ, ಬೂಟಿನ ಸದ್ದು ಅಂಗಳ ದಾಟಿತು, ಈಗ ಒಂದೇ ಜೋಡಿ ಕಾಲು, ಹೋಗೋ ಧನಪಾಲ, ಊಟ ಮಾಡು, ನೀನು ಹೋದರೆ ನಾನು ಹೇಗಾದರೂ, ಧೋತರ ಹರಿದಾದರೂ — ಕಾಲು ಬಾಗಿಲಿಗೆ ಹೋಗಲಿಲ್ಲ, ಕಿಟಕಿಯತ್ತ ನಡೆದವು, ಕಿಟಕಿ ತೆರೆಯಿತು, ಕೆಂಪು ಬಿಸಿಲು ಒಂದು ಪಟ್ಟಿಯಾಗಿ ನೆಲಕ್ಕೆ ಬಿತ್ತು, ಹೆಬ್ಬೆರಳು ಜಾಕಿನ ಹಿಡಿಕೆಯನ್ನು ಮುಟ್ಟಿತು, ಮುಟ್ಟಿ ನಿಂತಿತು, ಆಮೇಲೆ ಬೆಕ್ಕಿನ ಮುಂದೆ ಹಾಲಿನ ಬಟ್ಟಲು ಸರಿಸಿದ ಹಾಗೆ ಮೆಲ್ಲಗೆ ನೂಕಿತು, ಹಿಡಿಕೆ ನೆಲದ ಮೇಲೆ ಸರಿದು ಬಂದು ನನ್ನ ಬೆರಳಿಗೆ ತಾಕಿತು, ಬೈದಿದ್ದರೆ ಎಷ್ಟು ಚೆನ್ನಾಗಿತ್ತು, ಲೇ ಕಳ್ಳಾ ಹೊರಗ ಬಾ ಎಂದಿದ್ದರೆ ಸಾವಿರ ಕಾರಣ ಹೇಳುತ್ತಿದ್ದೆ, ಇಲಿ ಹಿಡಿಯಲು ಬಂದೆ, ನಿನ್ನ ಮೇಜಿಗೆ ಗೆದ್ದಲು ಹತ್ತಿದೆ ಎಂದು ಕೇಳಿ ಓಡಿ ಬಂದೆ, ಕೇಳುವುದೇ ಇಲ್ಲ ಈ ಮನುಷ್ಯ, ಕೋಲಿಗೆ ಚಾಕ್ ತಿಕ್ಕುವ ಸದ್ದು, ಮೇಲೆ ಒಂದು ಹೊಡೆತ, ಬೇರೆ ಗುಂಡಿಗೆ ತಾಕಿದ ಸದ್ದೇ ಇಲ್ಲ, ಬರಿಯ ಒಂದೇ ಗುಂಡು, ನೇರ, ತಡವಿಲ್ಲದೆ, ಟಪ್, ಬಿಳಿ ಗುಂಡು, ತಪ್ಪಾತು, ಎಂದ ಧನಪಾಲ, ಖಾಲಿ ಗೋದಾಮಿಗೆ, ಕೋಲು ಕೆಳಗಿಟ್ಟ, ಬಿಳಿಯದು ಬಿದ್ದರೆ ಪಾಳಿ ಎದುರಾಳಿಯದು, ಅವನೇ ತನ್ನ ಕೈಯಿಂದ ಅದನ್ನು ಜಾಳಿಗೆಯಿಂದ ತೆಗೆದು ಬೇಕಾದಲ್ಲಿ ಇಡಬೇಕು, ಹೊಡೆದವನು ಮುಟ್ಟುವ ಹಾಗಿಲ್ಲ, ಧನಪಾಲ ಮುಟ್ಟುವುದೂ ಇಲ್ಲ, ನಿಂತಿದ್ದಾನೆ, ಹಿಮ್ಮಡಿ ನನ್ನ ಕಡೆಗೆ, ಗೋಡೆ ನೋಡುತ್ತ, ನನಗೆ ಅವಸರವಾಗಬಾರದೆಂದು, ಆ ಕಡೆ ಮನೆಯಿಂದ ಅವನ ಹೆಂಡತಿ ರಾಜಮತಿ ವಹಿನಿಯ ಕೂಗು, ಅನ್ನಾ ಆರತೈತ್ರಿ, ಹೊತ್ತು ನೋಡ್ರಿ, ಬಂದ್ನಿ ಎನ್ನುತ್ತಾನೆ, ಬರುವುದಿಲ್ಲ, ಬಿಸಿಲಿನ ಪಟ್ಟಿ ನೆಲ ಬಿಟ್ಟು ಮೇಜಿನ ಕಾಲು ಏರುತ್ತಿದೆ, ಇನ್ನು ಸ್ವಲ್ಪ ಹೊತ್ತು, ಅದು ಹೋದರೆ ಅವನ ಊಟವೂ ಹೋಯಿತು, ನಾಳೆ ಹೊತ್ತು ಮೂಡುವ ತನಕ ನೀರೂ ಇಲ್ಲ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈ ಜಾಕಿನ ಮೇಲೆ, ಬೇರೆ ಕೈ ಇಲ್ಲದ್ದಕ್ಕೆ ರಟ್ಟನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೇನೆ, ಒಂದು ಸುತ್ತು ತಿರುವಿದರೂ ಕಿರ್ ಎನ್ನುತ್ತದೆ, ಕಿರ್ ಎಂದರೆ ನಾನು ಇಲ್ಲಿದ್ದೇನೆ ಎಂದ ಹಾಗೆ, ಆರುನೂರು ರವಿವಾರವೂ ಇಲ್ಲೇ ಇದ್ದೆ ಎಂದ ಹಾಗೆ, ತಿರುವು ಆಬಾಸಾಹೇಬ, ಕೈ ಬರುತ್ತಿಲ್ಲ, ತಿರುವು, ಬಿಸಿಲು ಜಾಳಿಗೆಯ ದಾರಕ್ಕೆ ಬಂತು, ಬಿಳಿ ಗುಂಡಿನ ಹೊಟ್ಟೆ ಕೆಂಪಾಯಿತು, ಗೇಣುದ್ದ ಮೇಲೆ, ತೂಗುವುದೂ ನಿಂತಿದೆ, ಬೆಳಕು ಅದರ ಅರ್ಧಕ್ಕಿದೆ, ಅರ್ಧಕ್ಕಿಂತ ಕಡಿಮೆ, ಉಗುರಿನಷ್ಟು, ಬಿಳಿ ಗುಂಡು, ಹಿಮ್ಮಡಿ ಅಲುಗಲಿಲ್ಲ, ಉಗುರಿನಷ್ಟು ಬೆಳಕು, ಬಿಳಿ ಗುಂಡು